ಒಳಕಲ್ಲಿಗೆ ಕುಂಕುಮ

ನಮ್ಮ ಅಡುಗೆ ಮನೆಯಲ್ಲಿ ಅಜವಾನ ಹಾಕಿಡುವ ಡಬ್ಬಿಯ ಮೇಲೆ ಅರಬ್ಬಿ ಅಕ್ಷರಗಳಿವೆ. ಬಸವನ ಬಾಗೇವಾಡಿಯ ಈ ಮನೆಗೆ ಬಂದ ಹೆಣ್ಣುಮಕ್ಕಳು ಅದನ್ನು ಕಂಡು, "ಇದೇನ್ರೀ ಟೀಚರ, ದುಬೈ ಡಬ್ಬಿ ಏನ್ರಿ?" ಎಂದು ಕೇಳುತ್ತಾರೆ. ದುಬೈ ಅಲ್ಲ, ಜೋರ್ಡಾನ್ ಎಂದು ಮೊದಮೊದಲು ತಿದ್ದುತ್ತಿದ್ದೆ. ನಮ್ಮ ಕಡೆ ಸಮುದ್ರದಾಚೆಗಿನ ಊರೆಲ್ಲ ದುಬೈಯೇ ಎಂದು ಗೊತ್ತಾದ ಮೇಲೆ ಹೌದ್ರಿ ಎಂದು ಸುಮ್ಮನಾಗುತ್ತೇನೆ. ಮೊನ್ನೆ ಚಕ್ಕುಲಿ ಹಿಟ್ಟಿಗೆಂದು ಅಜವಾನವನ್ನು ಅಂಗೈಯಲ್ಲಿ ತಿಕ್ಕಿದಾಗ ಘಮ್ಮೆಂದು ಎದ್ದ ವಾಸನೆಗೆ ಕೈ ತಾನಾಗಿ ನಿಂತಿತು. ಆ ವಾಸನೆಯ ಹಿಂದೆ ಒಂದು ವರ್ಷವೇ ನಿಂತಿದೆ. ಆ ವರ್ಷ ನಮ್ಮತ್ತೆ ಗೌರವ್ವ ನಮ್ಮ ಜೊತೆ ಪರದೇಶದ ಹಾಳೂರುಗಳನ್ನು ತಿರುಗಿದ್ದರು.

ಕರೋನಾ ಬರುವುದಕ್ಕೆ ಮುಂಚಿನ ಮಾತು. ನನ್ನ ಗಂಡ ಮಹಾಂತೇಶ ರಸಗೊಬ್ಬರದ ಕಂಪನಿಯೊಂದರಲ್ಲಿ ಎಂಜಿನಿಯರ್. ನಮ್ಮ ತೊಗರಿಗೆ, ಕಡಲೆಗೆ ಹಾಕುವ ಗೊಬ್ಬರದ ಕಲ್ಲು ಜೋರ್ಡಾನಿನ ಮರಳಿನಲ್ಲಿ ಸಿಗುತ್ತದಂತೆ. ಆ ಕೆಲಸದ ಮೇಲೆ ಅವರನ್ನು ಅಮ್ಮಾನ್ ಪಟ್ಟಣಕ್ಕೆ ಕಳಿಸಿದ್ದರು. ನಾನು ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ, ನಾಲ್ಕನೆಯ ತರಗತಿಯಲ್ಲಿದ್ದ ಮಗಳು ಅಕ್ಷತಾಳನ್ನು ಕಟ್ಟಿಕೊಂಡು ಹಿಂದೆಯೇ ಹೋದೆ. ಎಲ್ಲರೂ ಗಂಡನ ಮೇಲಿನ ಪ್ರೀತಿ ಎಂದುಕೊಂಡರು. ಪ್ರೀತಿಯೂ ಇತ್ತು ಅನ್ನಿ. ಆದರೆ ನಾನು ಸಿಂದಗಿ ತಾಲೂಕಿನ ಯಂಕಂಚಿಯಲ್ಲಿ ಹುಟ್ಟಿ, ಸಮಾಜ ವಿಜ್ಞಾನದ ಟೀಚರಾಗಿ, ರೋಮ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸಿದವಳು. ಅದೇ ರೋಮನ್ನರು ಹಾಸಿದ ಕಲ್ಲುದಾರಿಯ ಮೇಲೆ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ಯೋಗ ಬಂದರೆ ಬಿಡುತ್ತೇನೆಯೇ?

ಅಲ್ಲಿ ರಜೆ ಶುಕ್ರವಾರ. ಬೆಳಗಾಗುತ್ತಲೇ ನಾನು ಬುತ್ತಿ ಕಟ್ಟಿ ನಿಲ್ಲುತ್ತಿದ್ದೆ. "ಶುಕ್ರಾರ ಒಂದ್ ದಿನಾನರ ಮಲಗಾಕ ಬಿಡ ನಮ್ಮವ್ವಾ" ಎಂದು ಇವರು ಚಾದರ ಎಳೆದುಕೊಳ್ಳುತ್ತಿದ್ದರು. "ಸತ್ತಾವ್ರ ಊರ ನೋಡಾಕ ಇದ್ದಾವ್ರು ಯಾಕ ನಿದ್ದಿ ಕೆಡಿಸಿಕೊಬೇಕು?" ಎಂದು ವಾದವನ್ನೂ ಹೂಡುತ್ತಿದ್ದರು. ಕಡೆಗೆ ಗೆಲ್ಲುತ್ತಿದ್ದವಳು ನಾನೇ.

ಸಂಕ್ರಾಂತಿ ಮುಗಿಸಿ ಅತ್ತೆಯವರು ಬಂದರು. ಮೈದುನ ಹೈದರಾಬಾದಿನವರೆಗೆ ಬಿಟ್ಟ, ಅಲ್ಲಿಂದ ಪರಿಚಯದವರೊಬ್ಬರು ಕರೆತಂದರು. ಪೆಟ್ಟಿಗೆ ಬಿಚ್ಚಿದರೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಕೆಂಪು ಖಾರ, ವಿಭೂತಿ ಗಟ್ಟಿ, ಮತ್ತೆ ಅರಿಶಿಣ ಕುಂಕುಮದ ಒಂದು ಪುಟ್ಟ ಭರಣಿ. ಮಾವ ತೀರಿಕೊಂಡ ದಿನದಿಂದ ಅತ್ತೆ ಹಣೆಗೆ ವಿಭೂತಿ ಮಾತ್ರ ಧರಿಸುತ್ತಿದ್ದರು; ಕುಂಕುಮವನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. "ಭರಣಿ ಯಾಕ ತಂದ್ರಿ ಅತ್ತಿ?" ಎಂದೆ. "ಮನ್ಯಾಗ ಹೆಣ್ಣ ಕೂಸು ಐತಲ್ಲ, ಇರಲಿ" ಅಂದರು.

ಅವರನ್ನು ಮೊದಲು ಕರೆದೊಯ್ದದ್ದು ಜೆರಾಶ್‌ಗೆ. ರೋಮನ್ನರ ಕಾಲದ ಊರು, ಕಣ್ಣು ಹಾಯುವವರೆಗೂ ಕಂಬ. ಚಳಿಗಾಲದ ಮಳೆ ಬಿದ್ದು ಕಲ್ಲುಗಳ ಸಂದಿಯಲ್ಲೆಲ್ಲ ಹಸಿರು ಹುಲ್ಲು ಎದ್ದಿತ್ತು, ಕೆಂಪು ಹೂ ಬಿಟ್ಟಿತ್ತು. ನಾನು ಮುಂದೆ ಮುಂದೆ ನಡೆದು ಪಾಠ ಶುರು ಮಾಡಿದೆ. ಅತ್ತೆ ಸೆರಗು ಬಿಗಿದುಕೊಂಡು, ಶಾಲಿನೊಳಗಿಂದ ಮೂಗು ಮಾತ್ರ ಹೊರಗಿಟ್ಟು ಕೇಳಿಸಿಕೊಂಡರು.

"ಕಂಬ ಬರೊಬ್ಬರಿ ಅದಾವ. ಇವರು ರೊಟ್ಟಿ ಎಲ್ಲಿ ಬಡೀತಿದ್ರು?"

ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಮುಂದಿನದನ್ನೂ ಕೇಳಿದರು. "ಇಲ್ಲಿದ್ದ ಮಂದಿ ಎಲ್ಲಿ ಹೋದ್ರು?"

ಇದು ನನಗೆ ಬರುವ ಪ್ರಶ್ನೆ. ಭೂಕಂಪವಾಯಿತು, ಯುದ್ಧಗಳಾದವು, ವ್ಯಾಪಾರದ ದಾರಿ ಬೇರೆ ಕಡೆ ಹೊರಳಿತು ಎಂದೆ. ಅತ್ತೆ ಕೈ ಅಡ್ಡ ಬೀಸಿದರು. "ಅದಲ್ಲ ಬೇ. ಏನಾತು ಅಂತ ಕೇಳಿಲ್ಲ ನಾ. ಎಲ್ಲಿ ಹೋದ್ರು ಅಂತ ಕೇಳೀನಿ."

ಅಲ್ಲಿಂದ ಮುಂದೆ ಯಾವ ಹಾಳೂರಿಗೆ ಹೋದರೂ ಅದೇ ಪ್ರಶ್ನೆ. ಜೊತೆಗೆ ಪ್ರತಿ ಊರಿನಲ್ಲೂ ತಮಗೆ ತೋಚಿದಂತೆ ಮನೆಗಳನ್ನು ಹಂಚುತ್ತಿದ್ದರು. ಇದು ಪಡಸಾಲೆ, ಇದು ಜಗಲಿ, ಇಲ್ಲಿ ಬಾಣಂತಿ ಮಲಗಿದ್ದಾಳು. ಅಮ್ಮಾನಿನ ಕೋಟೆಗುಡ್ಡದ ಮೇಲಿನ ರಾಜರ ಸ್ನಾನದ ಮನೆಯನ್ನು ದನದ ಕೊಟ್ಟಿಗೆ ಎಂದು ಸಾಧಿಸಿದರು. ಅಕ್ಷತಾ ಅಲ್ಲಿ ನೆಟ್ಟಿದ್ದ ಮಾಹಿತಿ ಹಲಗೆ ಓದಿ, "ಆಯಿ, ಇದು ಬಚ್ಚಲ!" ಎಂದು ಕೂಗಿದರೆ, "ಇಷ್ಟ ದೊಡ್ಡ ಬಚ್ಚಲದಾಗ ಮೈ ತೊಳಕೊಂಡ್ರ ಊರ ಉಳೀತೈತೇನು?" ಎಂದು ತಮ್ಮ ಮಾತಿಗೇ ನಿಂತರು. ಅಜ್ಜಿ ಮೊಮ್ಮಗಳಿಬ್ಬರೂ ಎರಡು ವಾರ ಅದರ ಮೇಲೆಯೇ ಜಗಳವಾಡಿದರು.

ಅವರು ಹೀಗೆ ಮನೆ ಹುಡುಕುವುದಕ್ಕೆ ಕಾರಣವಿತ್ತು. ಅತ್ತೆಯ ಊರು ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ನನ್ನ ಮದುವೆಯ ಹೊತ್ತಿಗೆ ಅವರು ಮೇಲಿನ ದಿನ್ನೆಯ ಹೊಸ ಊರಿಗೆ ಬಂದು ನೆಲೆಸಿದ್ದರು. ಹಳೆಯ ಊರನ್ನು ನಾನು ಕಂಡಿದ್ದು ಅವರ ಮಾತಿನಲ್ಲಿ ಮಾತ್ರ. ಊರು ಬಿಡುವಾಗ ಜನ ಬಾಗಿಲು, ತೊಲೆ, ಜಂತಿ, ಗೋಡೆಯ ಕಲ್ಲನ್ನು ಕೂಡ ಬಿಚ್ಚಿ ಟ್ರಾಕ್ಟರಿಗೆ ಹೇರಿದ್ದರಂತೆ. ಆದರೆ ಅಡುಗೆ ಮನೆಯ ನೆಲದಲ್ಲಿ ಹೂತ ಒಳಕಲ್ಲನ್ನು, ಖಾರ ಅರಿಶಿಣ ಕುಟ್ಟುವ ಆ ಕುಳಿಗಲ್ಲನ್ನು, ಅತ್ತೆ ಕೀಳಗೊಡಲಿಲ್ಲ. "ಒಳಕಲ್ಲ ಅಂದ್ರ ಮನಿ ಹೊಕ್ಕಳ. ಅದನ್ನ ಕಿತ್ತ ಮೇಲೆ ಮನಿ ಅಂತ ಹೆಂಗ ಅನ್ನೂದು?" ಎನ್ನುತ್ತಿದ್ದರು. ಮದುವೆಯಾಗಿ ಬಂದ ದಿನ ಕುಟ್ಟುವ ಹಾರೆಗೆ ಕಂಕಣ ಕಟ್ಟಿ ಆ ಒಳಕಲ್ಲಿನಲ್ಲೇ ಅರಿಶಿಣ ಕುಟ್ಟಿದ್ದು. ಬಿಟ್ಟು ಬರುವ ದಿನ ಗಡಿಬಿಡಿಯಲ್ಲಿ ಅದಕ್ಕೆ ಅರಿಶಿಣ ಕುಂಕುಮ ಹಚ್ಚುವುದು ಮರೆತುಹೋಯಿತು. ಆಗ ಮಾವ ಇದ್ದರು, ಹಚ್ಚಬಹುದಾಗಿತ್ತು. ಆ ಕಲ್ಲನ್ನು ಒಮ್ಮೆ ಕಾಣಬೇಕು, ಮುಟ್ಟಬೇಕು ಎನ್ನುವುದೊಂದೇ ಅವರ ಹಂಬಲ.

ಈ ಕಥೆ ಹೇಳುವಾಗೆಲ್ಲ ನಿಂಗವ್ವ ಎಂಬಾಕೆ ಬಂದೇ ಬರುತ್ತಿದ್ದಳು. ಒಂದೇ ಗೋಡೆಯ ನೆರೆಮನೆಯವಳು. ಮೊದಲು ಇಬ್ಬರೂ ಕೂಡಿ ಖಾರ ಕುಟ್ಟುತ್ತಿದ್ದವರು, ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂಬ ಜಗಳದಲ್ಲಿ ಮಾತು ಬಿಟ್ಟರು. "ನನ್ನ ಒಳಕಲ್ಲ ಬಟ್ಟಲದಂಗ ದುಂಡಗ ಇತ್ತು. ನಿಂಗವ್ವಂದು ತುಟಿ ಸೀಳಿತ್ತು, ಅಕಿ ಬಾಯಿ ಹಂಗs" ಎಂದು ಅತ್ತೆ ಅಣಕಿಸುತ್ತಿದ್ದರು. ಊರು ಬಿಟ್ಟ ದಿನ ಎರಡೂ ಮನೆಯ ಟ್ರಾಕ್ಟರು ಒಂದರ ಹಿಂದೊಂದು ಹೊರಟವು. ನಮ್ಮ ಕಡೆ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲ, ಬರ್ತೇನಿ ಎನ್ನುತ್ತಾರೆ. ಇವರಿಬ್ಬರೂ ಆ ಒಂದು ಮಾತನ್ನು ಆಡಲಿಲ್ಲ. ನಿಂಗವ್ವ ಈಗ ಝಳಕಿಯಲ್ಲಿ, ಹೆದ್ದಾರಿ ಮೇಲಿನ ಮಗಳ ಖಾನಾವಳಿಯಲ್ಲಿ ಇದ್ದಾಳೆಂದು ಮೈದುನ ಒಮ್ಮೆ ಕಂಡು ಬಂದು ಹೇಳಿದಾಗ ಅತ್ತೆ ಕೇಳಿಸದವರ ಹಾಗೆ ಕಾಳು ಹಸನು ಮಾಡುತ್ತ ಕೂತಿದ್ದರಂತೆ. ಆದರೆ ಜೋರ್ಡಾನಿನಲ್ಲಿ ಯಾವ ಹಾಳೂರಿನ ಎರಡು ಮನೆಗಳ ನಡುವೆ ಕಾಲುವೆ ಕಂಡರೂ, "ಇಲ್ಲೂ ಒಬ್ಬಾಕಿ ನಿಂಗವ್ವ ಇದ್ದಿರಬೇಕು" ಎನ್ನುತ್ತಿದ್ದರು.

ಮೇ ತಿಂಗಳಲ್ಲಿ ಮೈದುನನ ವಿಡಿಯೋ ಕರೆ ಬಂತು. ಅವನ ಹಿಂದೆ ಬಿರುಕು ಬಿಟ್ಟ ಕೆಸರಿನ ಬಯಲು. "ಯವ್ವಾ, ನೋಡಿಲ್ಲಿ! ನೀರ ಇಳದು ಹಳೆ ಊರ ಎದ್ದೈತಿ! ಹಣಮಂದೇವರ ಗುಡಿ ಕಟ್ಟಿ ನೋಡು!" ಅಷ್ಟು ಕೆಳಗೆ ನೀರು ಇಳಿದದ್ದು ಊರು ಬಿಟ್ಟ ಮೇಲೆ ಅದೇ ಮೊದಲು. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಹತ್ತಿರ ತಂದರು. "ಇನ್ನೊಂದೀಟ ಎಡಕ್ಕ ತಿರುಗಸೋ... ಅಲ್ಲಿ... ಅಲ್ಲೇ ನಮ್ಮ ಓಣಿ..." ಅಷ್ಟರಲ್ಲಿ ಚಿತ್ರ ನಿಂತಿತು. ನಿಂತ ಚಿತ್ರದಲ್ಲಿ ಮೈದುನನ ಹೆಬ್ಬೆರಳಿನ ಹೊರತು ಏನೂ ಕಾಣಲಿಲ್ಲ.

ಅತ್ತೆ ಫೋನು ಕೆಳಗಿಟ್ಟು ಹೇಳಿದರು: "ಮಾಂತ್ಯಾ, ನನ್ನ ಊರಿಗಿ ಕಳಸು."

ಟಿಕೆಟ್ಟು ಇದ್ದದ್ದು ಜೂನ್ ಕೊನೆಗೆ, ಅಕ್ಷತಾಳ ಶಾಲೆ ಮುಗಿದ ಮೇಲೆ ನಾವೆಲ್ಲ ಕೂಡಿ ಬರುವುದೆಂದು. ಇವರಿಗೆ ರಜೆ ಸಿಗಲಿಲ್ಲ, ಜೊತೆಗೆ ಹೋಗುವವರು ಯಾರೂ ಸಿಗಲಿಲ್ಲ. "ಯವ್ವಾ, ನಡುವ ಇಮಾನ ಬದಲಿ ಮಾಡಬೇಕು. ಬೋರ್ಡ್ ಓದಾಕ ಬರೂದಿಲ್ಲ ನಿನಗ. ಒಬ್ಬಾಕಿನ್ನ ಹೆಂಗ ಕಳಸ್ಲಿ?" ಎಂದು ಇವರು ತಾಯಿಯ ಮುಂದೆ ಕೂತು ಕೇಳಿದರು. ಸಹ್ಯಾದ್ರಿಯಲ್ಲಿ ಮಳೆ ಹಿಡಿದರೆ ಕೃಷ್ಣೆ ತುಂಬುವುದಕ್ಕೆ ಎಷ್ಟು ಹೊತ್ತು ಬೇಕೆಂದು ಅತ್ತೆಗಿಂತ ಬಲ್ಲವರಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಮುಂದಿನ ಶುಕ್ರವಾರಗಳಲ್ಲಿ, "ನೀವು ಹೋಗಿ ಬರ್ರಿ, ನನ್ನ ಮೊಣಕಾಲ ನೋಯ್ತಾವ" ಎಂದು ಮನೆಯಲ್ಲೇ ಉಳಿದರು. ಅವರಿಲ್ಲದೆ ಹಾಳೂರುಗಳು ನನಗೆ ಸಪ್ಪೆಯಾದವು. ಹಲಗೆ ಓದುತ್ತಿದ್ದೆ, ಎರಡನೆಯ ಸಾಲಿಗೇ ಬೇಸರ ಬರುತ್ತಿತ್ತು.

ಹೊರಡುವ ಮುಂಚಿನ ಶುಕ್ರವಾರ ಅಕ್ಷತಾ ಹಟ ಹಿಡಿದು ಅಜ್ಜಿಯನ್ನು ಎಬ್ಬಿಸಿದಳು. ಉತ್ತರಕ್ಕೆ, ಸಿರಿಯಾದ ಗಡಿಯ ಹತ್ತಿರ ಉಮ್ ಅಲ್ ಜಿಮಾಲ್ ಎಂಬ ಊರಿದೆ. ಅಲ್ಲಿ ಕಂಬಗಳಿಲ್ಲ, ಅರಮನೆಯ ಆಡಂಬರವಿಲ್ಲ. ಬರೀ ಮನೆಗಳು, ಸಾವಿರ ವರ್ಷಕ್ಕೂ ಹಿಂದಿನ ರೈತಾಪಿ ಜನರ ಮನೆಗಳು, ಎಲ್ಲವೂ ಕರಿಕಲ್ಲಿನವು. ಕಾರಿನಿಂದಿಳಿದ ಅತ್ತೆ ಒಂದು ಗಳಿಗೆ ನಿಂತಲ್ಲೇ ನಿಂತರು. ನಮ್ಮ ಮುದ್ದೇಬಿಹಾಳದ ಕಡೆಯ ಗೋಡೆಗಳ ಅದೇ ಬಣ್ಣ, ಬಿಸಿಲಿಗೆ ಅದೇ ಕಾವು. ಆಮೇಲೆ ಮೊಣಕಾಲ ನೋವು ಎಲ್ಲಿ ಹೋಯಿತೋ, ನಮ್ಮೆಲ್ಲರಿಗಿಂತ ಮುಂದೆ ನಡೆದರು.

"ಗ್ವಾದಲಿ! ನೋಡ ಬೇ, ದನಕ್ಕ ಮೇವ ಹಾಕೂ ಗ್ವಾದಲಿ!" ಎಂದು ಒಳಗಿನಿಂದ ಕೂಗಿದರು. ಓಡಿ ಹೋಗಿ ನೋಡಿದರೆ ಗೋಡೆಯುದ್ದಕ್ಕೂ ಕಲ್ಲಿನ ಗೋದಲಿಗಳ ಸಾಲು. ಹಲಗೆಯ ಮೇಲೂ ಅದನ್ನೇ ಬರೆದಿತ್ತು. ಅಕ್ಷತಾ ಸೋಲೊಪ್ಪಿ ಅಜ್ಜಿಗೆ ಕೈಮುಗಿದಳು. ಅದರ ಹಿಂದಿನ ಕೋಣೆಯಲ್ಲಿ, ನೆಲದ ಧೂಳಿನಲ್ಲಿ ಒಂದು ಕರಿಕಲ್ಲು, ನಡುವೆ ನುಣ್ಣಗೆ ಸವೆದ ಕುಳಿ. ಅತ್ತೆ ನೆಲಕ್ಕೆ ಕುಳಿತರು. ಸೆರಗಿನಿಂದ ಧೂಳು ಒರೆಸಿದರು. ಕುಳಿಯೊಳಗೆ ಮುಷ್ಟಿಯಿಟ್ಟು ನೋಡಿದರು. ಆಮೇಲೆ ಚೀಲದಿಂದ ಭರಣಿ ತೆಗೆದು, "ಅಕ್ಷತಾ, ನೀ ಹಚ್ಚವ್ವಾ" ಎಂದರು.

ಹುಡುಗಿ ಹಚ್ಚಿಯೇ ಬಿಟ್ಟಳು. ಇವರು ಬೆಚ್ಚಿ ಬಿದ್ದರು. "ಯವ್ವಾ! ಸರಕಾರದ ಜಾಗಾ ಇದು! ಜೇಲಿಗೆ ಹಾಕ್ತಾರ!"

"ಯಾವ ಹೆಣ್ಮಗಳ ಕೈ ಆಡಿದ ಕಲ್ಲೋ ಏನೋ. ಹಚ್ಚಿದ್ರ ಯಾರಿಗೇನ ಕಮ್ಮಿ ಆತು?"

ಅಷ್ಟರಲ್ಲಿ ಕಾವಲುಗಾರ ಬಂದ. ಕೆಂಪು ಚೌಕಳಿಯ ರುಮಾಲಿನ, ಬಿಳಿ ಮೀಸೆಯ ಮುದುಕ. ಕಲ್ಲಿನ ಮೇಲಿನ ಕೆಂಪನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ದಮ್? ದಮ್?" ಎನ್ನುತ್ತ ಅಕ್ಷತಾಳ ಕೆಂಪು ಬೆರಳನ್ನು ಹಿಡಿದು ಗಾಯ ಹುಡುಕಿದ. ದಮ್ ಅಂದರೆ ರಕ್ತ. ರಕ್ತವಲ್ಲ ಎಂದು ತಿಳಿದ ಮೇಲೆ ಸಮಾಧಾನಪಟ್ಟ. ಆದರೆ ಬಣ್ಣ ಕೂಡದು, ಒರೆಸಬೇಕು ಎಂದು ಸನ್ನೆ ಮಾಡಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. ಸನ್ನೆ ಯಾವ ಭಾಷೆಯದಾದರೇನು, ಅತ್ತೆಗೆ ತಿಳಿಯಿತು. ಎರಡೂ ಕೈಯನ್ನು ಕಲ್ಲಿನ ಮೇಲೆ ಅಡ್ಡ ಇಟ್ಟರು.

"ಒರಸಬ್ಯಾಡ ಅನ್ನು ಮಾಂತ್ಯಾ. ನನ್ನ ಕುಂಕುಮ ಒಮ್ಮಿ ಒರಸ್ಯಾರ. ಈ ಕಲ್ಲಿಂದರ ಇರಲಿ."

ಅತ್ತೆಯ ಬಾಯಿಂದ ಅಂಥ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅಕ್ಷತಾ ಶಾಲೆಯಲ್ಲಿ ಕಲಿತ ಹರಕು ಅರಬ್ಬಿಯಲ್ಲಿ ಶುರು ಮಾಡಿದಳು. ನನ್ನ ಅಜ್ಜಿಯ ಮನೆ. ನೀರಿನಲ್ಲಿ. ಇಂಥದೇ ಕಲ್ಲು. ಅಡುಗೆ ಮನೆಯಲ್ಲಿ. ಮುದುಕ ಬಾಟಲಿಯ ಮುಚ್ಚಳ ಹಾಕಿದ. ಅತ್ತೆಯೆದುರು ಕುಕ್ಕರುಗಾಲಲ್ಲಿ ಕೂತ.

ಅತ್ತೆ ಮೊಮ್ಮಗಳ ಭುಜ ತಟ್ಟಿದರು. "ಕೇಳ ಅವರಿಗಿ. ಇಲ್ಲಿದ್ದ ಮಂದಿ ಎಲ್ಲಿ ಹೋದ್ರು?"

ಅಕ್ಷತಾ ಕೇಳಿದಳು. ಮುದುಕ ಯೋಚಿಸಲೂ ಇಲ್ಲ. ತಂತಿಬೇಲಿಯ ಆಚೆ, ಬಟ್ಟೆ ಒಣಹಾಕಿದ್ದ ಸಿಮೆಂಟಿನ ಮನೆಗಳ ಕಡೆ ಕೈ ತೋರಿಸಿದ. ಅಗೋ, ಅಲ್ಲಿ. ತನ್ನ ತಾಯಿ ಇದೇ ಹಾಳುಗೋಡೆಗಳ ನಡುವೆ ಒಲೆ ಹೂಡಿದ್ದಳು, ಬೇಲಿ ಹಾಕಿದ ಮೇಲೆ ಎಲ್ಲರೂ ಆ ಕಡೆ ಹೋದೆವು ಎಂದ. ಅಷ್ಟೂ ಊರುಗಳಲ್ಲಿ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ ಮಾತ್ರ. "ಹಂಗನ್ನು ಮತ್ತ" ಎಂದು ಅತ್ತೆ ತಲೆಯಾಡಿಸಿದರು. ಕುಂಕುಮದ ವಿಷಯಕ್ಕೆ ಮುದುಕ ಬಾಯಿಂದ ಉಫ್ ಎಂದು ಊದಿ ತೋರಿಸಿದ: ಗಾಳಿ ಬಂದರೆ ತಾನೇ ಹೋಗುತ್ತದೆ, ಬಿಡಿ.

ಬಾಗಿಲ ಬಳಿಯ ತನ್ನ ಕೋಣೆಗೆ ಕರೆದೊಯ್ದು ಚಹಾ ಕೊಟ್ಟ. ರೊಟ್ಟಿಗೆ ಎಣ್ಣೆ ಸವರಿ ಹಸಿರು ಪುಡಿ ಉದುರಿಸಿದ. ಝಾತರ್ ಎಂದ. ಅತ್ತೆ ಮೂಸಿ, "ಅಯ್ಯ, ಅಜವಾನ!" ಎಂದು ಕಣ್ಣರಳಿಸಿದರು. ತಿಂಗಳ ಮೇಲೆ ಅವರು ನಕ್ಕಿದ್ದು ಆಗಲೇ. ಹೊರಡುವಾಗ ಮುದುಕ ಆ ಡಬ್ಬಿಯನ್ನೇ ಅವರ ಕೈಗೆ ಕೊಟ್ಟ.

ನಾವು ಊರಿಗೆ ಬಂದಾಗ ನೀರು ಬಂದಾಗಿತ್ತು. ದಿನ್ನೆಯ ಮೇಲೆ ನಿಂತು ನೋಡಿದರೆ ಕೆಂಪು ನೀರಿನ ಮೇಲೆ ಗಾಳಿಯ ಸುಕ್ಕು, ಅಷ್ಟೆ. ಅತ್ತೆ ಒಮ್ಮೆ ನೋಡಿ ಒಳಗೆ ಹೋಗಿ ಜೋಳ ಬೀಸುವ ಗಿರಣಿ ಯಾವಾಗ ತೆರೆಯುತ್ತದೆಂದು ವಿಚಾರಿಸಿದರು. ಆ ಮಳೆಗಾಲದಲ್ಲಿ ಹೊಳೆಗೆ ಬಂದ ಮಹಾಪೂರ ಎಲ್ಲರಿಗೂ ನೆನಪಿದೆ. ಮುಂದೆ ಕರೋನಾ ಬಂತು, ಇವರ ಕೆಲಸ ಅಲ್ಲಿಗೆ ಮುಗಿಯಿತು, ಅತ್ತೆಯನ್ನೂ ಕರೆದುಕೊಂಡು ನಾವು ಬಾಗೇವಾಡಿಯಲ್ಲಿ ಮನೆ ಹಿಡಿದೆವು. ಪ್ರತಿ ಬೇಸಿಗೆಗೂ ಅತ್ತೆ ನೀರಿನ ಮಟ್ಟ ವಿಚಾರಿಸುತ್ತಿದ್ದರು, ಪ್ರತಿ ಬೇಸಿಗೆಗೂ ಅದು ಇಷ್ಟೇ ಇಷ್ಟು ಇಳಿದು ನಿಲ್ಲುತ್ತಿತ್ತು. ಡಬ್ಬಿಯ ಝಾತರ್ ಮುಗಿದು ಅಜವಾನ ಬಂದು ಕೂತಿತು.

ಈ ಮೇ ತಿಂಗಳಲ್ಲಿ, ಹಳೆ ಊರು ಮತ್ತೆ ಎದ್ದಿದೆ ಎಂದು ಮೈದುನ ಫೋನು ಮಾಡಿದ. ಮರುದಿನವೇ ನಸುಕಿನಲ್ಲಿ ಹೊರಟೆವು. ಕಾರು ಹೋಗುವವರೆಗೆ ಹೋಗಿ, ಮುಂದೆ ಬಿರುಕು ಬಿಟ್ಟ ಕೆಸರಿನ ಹೆಂಟೆಗಳ ಮೇಲೆ ನಡೆದೆವು. ಒಣಗಿದ ಸಿಂಪಿನ ಚಿಪ್ಪು, ಹರಿದ ಬಲೆ, ಮೀನಿನ ವಾಸನೆ. ಅತ್ತೆಯ ರಟ್ಟೆ ಹಿಡಿದವಳು ಅಕ್ಷತಾ. ಈಗ ಅಜ್ಜಿಗಿಂತ ಎತ್ತರ ಬೆಳೆದಿದ್ದಾಳೆ.

ಗುಡಿಯ ಕಟ್ಟೆ ಕಂಡಿತು. ಅದರಾಚೆ ಮೊಣಕಾಲೆತ್ತರದ ಗೋಡೆಗಳು, ಹೂಳು, ಕಲ್ಲಿನ ರಾಶಿ. ಪರದೇಶದಲ್ಲಿ ಊರೂರಿನ ಮನೆಗಳನ್ನು ಹಂಚಿದ ನಮ್ಮತ್ತೆ, ತಮ್ಮ ಊರಿನ ನಡುವೆ ನಿಂತು ಸುತ್ತಲೂ ತಿರುಗಿ ನೋಡಿದರು. ಮತ್ತೊಮ್ಮೆ ನೋಡಿದರು. "ತಿಳೀವಲ್ದು ಬೇ" ಎಂದರು.

ಅಕ್ಷತಾ ಅವರನ್ನು ಕಟ್ಟೆಯ ಮೇಲೆ ಕೂರಿಸಿದಳು. "ಆಯಿ, ಗುಡಿ ಬಾಗಲಕ್ಕ ನಿಂತ್ರ ನಿಮ್ಮ ಓಣಿ ಯಾ ಕೈಗಿ?" "ಎಡಕ್ಕ." "ಹೊಳಿ ಕಡೆ ಮನಿ ಯಾರ್ದು?" "ನಮ್ದು. ಅದರ ಈಚಿ ಕಡೆ ನಿಂಗವ್ವಂದು." ಹೀಗೆ ಕೇಳಿಕೊಂಡು, ಗೋಡೆಯ ಬುಡ ಹಿಡಿದು ನಡೆದು, ಒಂದು ಕಡೆ ಮೊಣಕಾಲೂರಿ ಹೂಳು ಬಗೆಯತೊಡಗಿದಳು. ಅವಳಪ್ಪನೂ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಅಕ್ಷತಾ ಕೂಗಿದಳು, "ಆಯಿ! ಒಳಕಲ್ಲ!"

ಅತ್ತೆ ಬಂದರು. ಕೂತರು. ಕುಳಿಯ ಕೆಸರನ್ನು ಕೈಯಿಂದಲೇ ತೆಗೆದು, ಕಲ್ಲಿನ ಬಾಯಿಯ ಸುತ್ತ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಕಲ್ಲು ಸೀಳಿತ್ತು.

"ಇದು ನಂದಲ್ಲ. ನಿಂಗವ್ವಂದು."

ಎಲ್ಲರೂ ಹೊಳೆಯ ಕಡೆ ತಿರುಗಿದೆವು. ಆಚೆ ಮನೆಯ ಜಾಗದಲ್ಲಿ ನೀರು ನಿಂತಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದಲೇ ಶುರುವಾಗಿ, ತಳ ಕಾಣದಂತೆ. ಇಷ್ಟು ವರ್ಷ ಕಾಯಿಸಿ ಇನ್ನೆರಡು ಮಾರು ಇಳಿಯಲು ಆ ನೀರಿಗೆ ಏನು ಧಾಡಿಯಾಗಿತ್ತೋ ಎಂದು ನನಗೆ ಸಿಟ್ಟು ಬಂತು, ಅಳುವೂ ಬಂತು.

ಅತ್ತೆ ನೀರಿನ ಕಡೆಯಿಂದ ಮುಖ ತಿರುಗಿಸಿದರು. ಆಮೇಲೆ ಸೀಳಿದ ಕಲ್ಲಿನ ಮೇಲೆ ಕೈಯಿಟ್ಟರು. ಅಕ್ಷತಾ ಭರಣಿ ತೆಗೆದು, "ನಾ ಹಚ್ಚಲೇನ ಆಯಿ?" ಎಂದಳು.

"ಕೊಡ ಇಲ್ಲಿ."

ಅವರೇ ಅರಿಶಿಣ ಹಚ್ಚಿದರು. ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಮಾವ ಹೋದ ಮೇಲೆ ಮುಟ್ಟದ ಕುಂಕುಮವನ್ನು, ನೆರೆಮನೆಯವಳ ಕಲ್ಲಿನ ಸೀಳುತುಟಿಗೆ ನಿಧಾನವಾಗಿ, ಹಣೆಗೆ ಇಡುವ ಹಾಗೆ ಇಟ್ಟರು. ಬೆರಳನ್ನು ಒರೆಸಿಕೊಳ್ಳಲಿಲ್ಲ.

"ನಂದು ನೀರಾಗ ತಂಪಾಗಿ ಐತಿ ಬಿಡು" ಎಂದು ಮಗನ ಭುಜ ಹಿಡಿದು ಎದ್ದರು. "ಇಲ್ಲಿಂದ ಝಳಕಿಗಿ ಎಷ್ಟೊತ್ತಾಕ್ಕೈತಿ ಮಾಂತ್ಯಾ?"

ಇವರು ತಾಯಿಯ ಮುಖವನ್ನೇ ನೋಡಿದರು. "ಈಗ ಹೊಂಟ್ರ ಮಧ್ಯಾಹ್ನದಾಗ ಮುಟ್ತೀವಿ. ಯಾಕ ಯವ್ವಾ?"

"ಗಾಡಿ ಅಕಡಿ ಹೊಡಿ ಹಂಗಾರ. ಅಕಿಗಿ ಬರ್ತೇನಿ ಅಂತ ಹೇಳದs ಬಂದೇನಿ ನಾ."